ಐರನ್ ಮೇಡನ್‌ಗೆ 50 ವರ್ಷ. ಬ್ಯಾಂಡ್ ಇನ್ನೂ ಓಡುತ್ತಿದೆಯಾ, ನಾವೇ ತಳ್ಳುತ್ತಿದ್ದೇವಾ?

ಹನುಮಂತನಗರ ಬಾಸ್:

ಮೊದಲೇ ಹೇಳಿಬಿಡುತ್ತೇನೆ, ನಾನು ಬೈಯೋಕೆ ಬಂದವನಲ್ಲ. ಬ್ರಿಟನ್‌ನ ಈ ಹೆವಿ ಮೆಟಲ್ ಬ್ಯಾಂಡ್ ಮೇಡನ್ ಕೇಳಿಕೊಂಡೇ ಬಾಸ್ ಗಿಟಾರ್ ಕಲಿತವನು. ಆದರೆ ಒಂದು ವಿಷಯ ತಿಂಗಳಿಂದ ಕೊರೆಯುತ್ತಿದೆ, ಇಲ್ಲಿ ಹಾಕದೆ ಇನ್ನೆಲ್ಲಿ ಹಾಕಲಿ.

2007ರ ಮಾರ್ಚ್ 17, ಅರಮನೆ ಮೈದಾನ. ನನಗಾಗ 21. ಮಧ್ಯಾಹ್ನ 12ಕ್ಕೇ ಹೋಗಿ ಗೇಟ್ ಮುಂದೆ ನಿಂತಿದ್ದೆ. ಕಪ್ಪು ಟೀ ಶರ್ಟ್ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ರಾತ್ರಿ ಬ್ಯಾಂಡ್ ಬಂದಿದ್ದೇ ಶುರು ಮಾಡಿದ್ದು ಹೊಸ ಆಲ್ಬಂನ ಹಾಡಿನಿಂದ. ಅದೂ ಒಂದಲ್ಲ, ಒಂದರ ಮೇಲೊಂದು ಮೂರು. ನನ್ನ ಸುತ್ತ ಇದ್ದವರಲ್ಲಿ ಅರ್ಧ ಜನಕ್ಕೆ ಆ ಹಾಡುಗಳ ಸಾಹಿತ್ಯ ಬರುತ್ತಿರಲಿಲ್ಲ. ಸುಮ್ನೆ ಬಾಯಿ ಆಡಿಸುತ್ತಿದ್ದರು. ಮೊದಲ ಸಲ ಭಾರತಕ್ಕೆ ಬಂದಿದ್ದಾರೆ, ಜನ ಹಳೇ ಹಾಡಿಗೆ ಕಾಯುತ್ತಿದ್ದಾರೆ ಅಂತ ಅವರಿಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೂ ಹೊಸದನ್ನೇ ಮುಂದಿಟ್ಟರು. ಆ ಹಟ ನನಗೆ ತುಂಬಾ ಹಿಡಿಸಿತ್ತು. ನಾವು ಇನ್ನೂ ಕೆಲಸ ಮಾಡುತ್ತಿದ್ದೇವೆ, ಪಿಂಚಣಿಗೆ ಕೂತಿಲ್ಲ ಅನ್ನೋ ಹಟ.

ಈಗ 2025ರ ಟೂರ್ ನೋಡಿ. 50 ವರ್ಷದ ಹೆಸರಲ್ಲಿ ಬರೀ ಮೊದಲ ಒಂಬತ್ತು ಆಲ್ಬಂ. 1980ರಿಂದ 1992. ಆಮೇಲೆ ಬಂದ ಎಂಟು ಆಲ್ಬಂನಿಂದ ಒಂದೇ ಒಂದು ಹಾಡಿಲ್ಲ. ಮೊನ್ನೆ ಯಾರೋ ಹಾಕಿದ ವಿಡಿಯೋ ನೋಡುತ್ತಿದ್ದೆ, 11 ವರ್ಷದ ಮಗಳು ಪಕ್ಕದಲ್ಲಿ ಬಂದು ಕೂತಳು. ಐದು ನಿಮಿಷ ನೋಡಿ, "ಅಪ್ಪಾ, ಇವರು ತಾತಂದಿರ ಆರ್ಕೆಸ್ಟ್ರಾನಾ?" ಅಂದಳು. ಸಿಟ್ಟು ಬರಲಿಲ್ಲ. ಉತ್ತರವೂ ಬರಲಿಲ್ಲ.

ನೀವೇ ಹೇಳಿ. ಇವತ್ತಿನ ಸಂಗೀತದಲ್ಲಿ ಮೇಡನ್ ಲೆಕ್ಕಕ್ಕಿದೆಯಾ? ಅಥವಾ ನಮ್ಮ ಹರೆಯದ ನೆನಪನ್ನೇ ನಾವು ಬ್ಯಾಂಡ್ ಅಂದುಕೊಂಡಿದ್ದೇವಾ?

ಎಡ್ಡಿ ಮಾವ:

ತಾತಂದಿರ ಆರ್ಕೆಸ್ಟ್ರಾ 😂 ಮಗಳನ್ನು ಈ ಗುಂಪಿಗೆ ಸೇರಿಸಿ ಗುರು, ನಮಗಿಂತ ಚೆನ್ನಾಗಿ ಬರೆಯುತ್ತಾಳೆ.

ಕೋಲಾರ ಗ್ಯಾಲಪ್:

ಬಾಸ್ ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಇದಕ್ಕಿಂತ ಹಿಂದಿನ ಟೂರ್ ಯಾವುದು? 2023, 2024ರದ್ದು. ಅದರಲ್ಲಿ ಒಂದು ಭಾಗ 2021ರ ‘ಸೆಂಜುತ್ಸು’, ಇನ್ನೊಂದು ಭಾಗ 1986ರ ‘ಸಮ್‌ವೇರ್ ಇನ್ ಟೈಮ್’. ಅಲೆಕ್ಸಾಂಡರನ ಮೇಲಿನ ಹಾಡನ್ನು 37 ವರ್ಷ ಒಂದು ಸಲವೂ ವೇದಿಕೆ ಮೇಲೆ ಬಾರಿಸಿರಲಿಲ್ಲ, ಆ ಟೂರ್‌ನಲ್ಲಿ ಬಾರಿಸಿದರು. ಅಂದರೆ 2024ರವರೆಗೂ ಅದೇ ಹಟ ಇತ್ತು. ಮನೇಲಿ 50ನೇ ಮದುವೆ ವಾರ್ಷಿಕೋತ್ಸವ ಅಂದ್ರೆ ಹಳೇ ಆಲ್ಬಂ ತೆಗೆದು ಫೋಟೋ ನೋಡಲ್ವಾ? ಮಾರನೇ ದಿನ ಮತ್ತೆ ಅಡುಗೆ ಮಾಡಲೇಬೇಕು, ಅದು ಬೇರೆ.

ಅವರ ವಯಸ್ಸನ್ನೂ ನೋಡಿ. ಬ್ಯಾಂಡ್ ಕಟ್ಟಿದ, ಬಾಸ್ ಬಾರಿಸುವ ಸ್ಟೀವ್ ಹ್ಯಾರಿಸ್‌ಗೆ 2025ರಲ್ಲಿ 69. ಹಾಡುಗಾರ ಬ್ರೂಸ್ ಡಿಕಿನ್ಸನ್‌ಗೆ 67. ಆ ಮನುಷ್ಯನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಬಂದು ವಾಸಿಯಾಗಿದ್ದು 2015ರಲ್ಲಿ. ‘ದ ಬುಕ್ ಆಫ್ ಸೋಲ್ಸ್’ ಆಲ್ಬಂ ಹಾಡುವಾಗ ಗಡ್ಡೆ ಒಳಗೇ ಇತ್ತು, ಅವನಿಗೇ ಗೊತ್ತಿರಲಿಲ್ಲ. ಮೊದಲು ಅದನ್ನು ಕೇಳಿ, ಆಮೇಲೆ ತಾತ ಅನ್ನಿ.

ಪೆನ್‌ಡ್ರೈವ್ ಪ್ರಜೆ:

ಕ್ಯಾನ್ಸರ್ ಗೆದ್ದಿದ್ದು ದೊಡ್ಡದು, ಒಪ್ಪಿದೆ. ಆದರೆ ಹಾಡು ಚೆನ್ನಾಗಿದೆಯಾ ಅನ್ನೋದು ಬೇರೆ ಪ್ರಶ್ನೆ. ನನಗೆ 24, ನಾನು ಹೊರಗಿನವನ ಥರ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

‘ಸೆಂಜುತ್ಸು’ 82 ನಿಮಿಷ. ಕೊನೆಯ ಮೂರು ಹಾಡು ಒಂದೊಂದೂ ಹತ್ತು ನಿಮಿಷ ದಾಟುತ್ತೆ. ಮೂರರದ್ದೂ ಹೆಚ್ಚುಕಡಿಮೆ ಒಂದೇ ಅಚ್ಚು. ಮೊದಲು ಮೆಲ್ಲಗೆ ಬಾಸ್ ಕುಟುಕುಟು, ಬ್ರೂಸ್ ಕಥೆ ಶುರು ಮಾಡುತ್ತಾನೆ, ಆಮೇಲೆ ಡ್ರಮ್ ಬೀಳುತ್ತೆ, ಮೂರು ಗಿಟಾರ್ ಸರದಿ ಮೇಲೆ ಸೋಲೋ, ಓ ಓ ಓ, ಮತ್ತೆ ಮೆಲ್ಲಗೆ ಬಾಸ್. 20 ವರ್ಷದಿಂದ ಇದೇ ಅಡುಗೆ. ಎಡಿಟ್ ಮಾಡಿ ಅಂತ ಸ್ಟೀವ್ ಹ್ಯಾರಿಸ್‌ಗೆ ಹೇಳೋರು ಆ ಸ್ಟುಡಿಯೋದಲ್ಲಿ ಯಾರೂ ಇಲ್ಲ ಅನ್ನಿಸುತ್ತೆ.

ನನ್ನ ಓರಗೆಯವರು ಮೆಟಲ್ ಕೇಳ್ತಾರೆ, ಜಾಸ್ತಿನೇ ಕೇಳ್ತಾರೆ. ಆದರೆ ಮೇಡನ್ ಅಂದ್ರೆ ಅವರಿಗೆ ಟೀ ಶರ್ಟ್ ಅಷ್ಟೇ.

ದಾವಣಗೆರೆ ಹಾಸ್ಟೆಲ್ 94:

"ಮೆಲ್ಲಗೆ ಬಾಸ್ ಕುಟುಕುಟು" ನಿಜ ಕಣಪ್ಪ, ನಗು ಬಂತು. ಆದರೆ ಆ ಕುಟುಕುಟುಗೆ ನಾವು ಕಾದಿದ್ದೆಷ್ಟು ಅಂತ ನಿಮಗೆ ಗೊತ್ತಿಲ್ಲ.

1994, ದಾವಣಗೆರೆ, ಇಂಜಿನಿಯರಿಂಗ್ ಹಾಸ್ಟೆಲ್. ಇಡೀ ಹಾಸ್ಟೆಲ್‌ಗೆ ಮೇಡನ್ ಕ್ಯಾಸೆಟ್ ಇದ್ದಿದ್ದು ಒಂದೇ, ಬೆಂಗಳೂರಿನ ಹುಡುಗ ತಂದಿದ್ದ. ಎರಡು ಡೆಕ್ ಇರೋ ಟೇಪ್ ರೆಕಾರ್ಡರ್ ಇನ್ನೊಂದು ರೂಮಲ್ಲಿ. ಕಾಪಿ ಮಾಡಿಸಿಕೊಳ್ಳೋಕೆ ಖಾಲಿ ಕ್ಯಾಸೆಟ್ ಜೊತೆ ಎರಡು ಸಿಗರೇಟ್ ಕೊಡಬೇಕು. ನಾನು ಸೇದುತ್ತಿರಲಿಲ್ಲ, ಆದರೂ ಅದಕ್ಕೆಂದೇ ಕೊಂಡುಕೊಂಡಿದ್ದೆ. ಕಾಪಿಯ ಕಾಪಿ, ಅದರ ಕಾಪಿ. ನನ್ನ ಕೈಗೆ ಬರೋ ಹೊತ್ತಿಗೆ ಮಳೆ ಸುರಿಯೋ ಸದ್ದಿನ ಹಿಂದೆ ಯಾರೋ ಹಾಡುತ್ತಿದ್ದ ಹಾಗಿತ್ತು. ಅದು 1984ರ ‘ಪವರ್‌ಸ್ಲೇವ್’. ಕೊನೆಯ ಹಾಡು 13 ನಿಮಿಷದ್ದು, ಕೋಲರಿಜ್‌ನ ಹಡಗಿನ ಮುದುಕನ ಪದ್ಯ. ನನ್ನ ಕಾಪಿಯಲ್ಲಿ ಅದು ಒಂಬತ್ತನೇ ನಿಮಿಷಕ್ಕೆ ಕಟ್. ಟೇಪ್ ಮುಗಿದುಹೋಗಿತ್ತು! ಆ ಮುದುಕ ದಡ ಸೇರಿದನಾ ಅಂತ ತಿಳಿಯೋಕೆ ನನಗೆ ಮೂರು ವರ್ಷ ಬೇಕಾಯಿತು.

ಪಿಯುಸಿಯಲ್ಲಿ ಇಂಗ್ಲಿಷ್ ಪದ್ಯ ಅಂದ್ರೆ ಓಡಿಹೋಗುತ್ತಿದ್ದವನು ಲೈಬ್ರರಿಗೆ ಹೋಗಿ ಕೋಲರಿಜ್ ಹುಡುಕಿದ್ದು ಈ ಬ್ಯಾಂಡ್‌ನಿಂದ.

ಎಡ್ಡಿ ಮಾವ:

ಎರಡು ಸಿಗರೇಟಿಗೆ ಹಡಗಿನ ಪ್ರಯಾಣ, ಅದೂ ಅರ್ಧ ದಾರಿವರೆಗೆ.

ಮೃದಂಗದ ಮನೆ:

ಯಾರೂ ಸಂಗೀತದ ಬಗ್ಗೆ ಮಾತಾಡುತ್ತಿಲ್ಲ, ಎಲ್ಲರೂ ವಯಸ್ಸು, ಕ್ಯಾಸೆಟ್ ಅಂತಿದ್ದೀರಿ. ಪ್ರಭಾವ ಅಂದ್ರೆ ನನ್ನ ಪ್ರಕಾರ ಇದು. ಕೈಯಲ್ಲಿ ಮೇಜು ಕುಟ್ಟಿ ನೋಡಿ: ತಾಂ ಕಿಟ ತಾಂ ಕಿಟ ತಾಂ ಕಿಟ ತಾಂ ಕಿಟ. ಇದೇ ಮೇಡನ್ ಗ್ಯಾಲಪ್. ಕುದುರೆ ಓಟ. ಹ್ಯಾರಿಸ್ ಇದನ್ನು ಬಾಸ್‌ನಲ್ಲಿ ಪಿಕ್ ಇಲ್ಲದೆ ಬರೀ ಬೆರಳಲ್ಲಿ ಬಾರಿಸುತ್ತಾನೆ. 1854ರ ಬಾಲಾಕ್ಲಾವಾ ಯುದ್ಧದ ಕುದುರೆ ಸವಾರರ ಹಾಡಿಗೆ ಇದಕ್ಕಿಂತ ಒಳ್ಳೆ ನಡೆ ಎಲ್ಲಿ ಸಿಗುತ್ತೆ?

ಮೊದಲು ಇದನ್ನು ಕಂಡುಹಿಡಿದಿದ್ದು ಇವರೇ ಅಂತ ಹೇಳುತ್ತಿಲ್ಲ. ಆದರೆ ಇವತ್ತು ಯಾವ ಊರಿನ ಹುಡುಗ ಇದನ್ನು ಬಾರಿಸಿದರೂ ಕೇಳಿದವರ ಬಾಯಲ್ಲಿ ಬರೋ ಹೆಸರು ಇದೊಂದೇ.

ಗಿಟಾರ್ ಗಿರಣಿ:

ಅದು ತಿಸ್ರ ಅಲ್ವಾ ಸರ್? ಮೂರು ಪೆಟ್ಟು ಕೇಳಿಸುತ್ತೆ.

ಮೃದಂಗದ ಮನೆ:

ಪೆಟ್ಟು ಮೂರು, ಕಾಲ ನಾಲ್ಕು. ಮೊದಲನೆಯದು ಎರಡು ಮಾತ್ರೆ, ಉಳಿದೆರಡು ಒಂದೊಂದು. 2+1+1. ಚತುರಶ್ರ. ತಿಸ್ರ ಅಂದುಕೊಂಡು ಬಾರಿಸಿದರೆ ಕುದುರೆ ಕುಂಟುತ್ತೆ.

ಗಿಟಾರ್ ಗಿರಣಿ:

ಅಯ್ಯೋ, ಆರು ತಿಂಗಳಿಂದ ಕುಂಟು ಕುದುರೆ ಓಡಿಸುತ್ತಿದ್ದೇನೆ ಹಾಗಾದರೆ.

ಜೋಡಿ ಗಿಟಾರಿನ ಪ್ರಭಾವಕ್ಕೆ ನನ್ನದೂ ಸೇರಿಸಿ. ಎರಡು ಗಿಟಾರ್ ಒಂದೇ ರಾಗವನ್ನು ಸ್ವಲ್ಪ ಮೇಲೆ ಕೆಳಗೆ ಇಟ್ಟು ಜೊತೆಯಾಗಿ ಹಾಡೋದು. ವಿಶ್‌ಬೋನ್ ಆಶ್, ಥಿನ್ ಲಿಜ್ಜಿ ಮೊದಲೇ ಮಾಡಿದ್ದರು, ಹ್ಯಾರಿಸ್ ಕೂಡ ಅವರ ಅಭಿಮಾನಿಯೇ. ಆದರೆ ಅದನ್ನು ಮೆಟಲ್‌ನ ಮನೆಮಾತು ಮಾಡಿದ್ದು ಮೇಡನ್. ಜರ್ಮನಿಯ ಹೆಲೋವೀನ್ ಕೇಳಿ, ಸ್ವೀಡನ್‌ನ ಇನ್ ಫ್ಲೇಮ್ಸ್ ಕೇಳಿ. ಡ್ರೀಮ್ ಥಿಯೇಟರ್‌ನವರಂತೂ ಮೇಡನ್‌ನ 1982ರ ಆಲ್ಬಂ ಇಡಿಯಾಗಿ ವೇದಿಕೆ ಮೇಲೆ ಬಾರಿಸಿದರು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಕೇಳಿ. 1998ರಲ್ಲಿ ಶುರುವಾದ ಬ್ಯಾಂಡ್, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಬಾರಿಸಿದರು. ಆ ಗಿಟಾರ್ ಜೋಡಿ ಎಲ್ಲಿಂದ ಬಂತು ಅಂತ ಹೇಳೋದೇ ಬೇಡ.

ಪೆನ್‌ಡ್ರೈವ್ ಪ್ರಜೆ, ನಿಮ್ಮ ಓರಗೆಯವರು ಮೇಡನ್ ಕೇಳದೇ ಇರಬಹುದು. ಮೇಡನ್ ಕೇಳಿದವರನ್ನು ಕೇಳ್ತಾರೆ.

ಪೆನ್‌ಡ್ರೈವ್ ಪ್ರಜೆ:

ಅದನ್ನೇ ನಾನೂ ಹೇಳಿದ್ದು. ಪ್ರಭಾವ ಇದೆ, ಯಾರು ಇಲ್ಲ ಅಂದರು? ಪ್ರಭಾವ ಹಿಂದಿನದು. ಕೆಲಸ ಇವತ್ತಿನದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಜ್ಜ ಹಾಕಿದ ಮಾವಿನ ಮರದ ಹಣ್ಣು ತಿಂತೀವಿ ಅಂತ ಅಜ್ಜನೇ ಈಗಲೂ ಗುದ್ದಲಿ ಹಿಡಿದಿದ್ದಾನೆ ಅನ್ನೋಕಾಗುತ್ತಾ?

ಹನುಮಂತನಗರ ಬಾಸ್:

ಸರಿಯಾಗಿ ಹೇಳಿದಿರಿ. ನನ್ನ ಹೊಟ್ಟೆ ಉರಿಯೂ ಅದೇ, ಈ ಅಜ್ಜ ನಿನ್ನೆವರೆಗೂ ಗುದ್ದಲಿ ಹಿಡಿದಿದ್ದ.

ರಾಜಾಜಿನಗರ ರಿಫ್:

2007ರಲ್ಲಿ ಬೆಂಗಳೂರಲ್ಲಿ ಆ ಹೊಸ ಆಲ್ಬಂ ಪೂರ್ತಿ, ಮೊದಲಿಂದ ಕೊನೆವರೆಗೂ ಬಾರಿಸಿದ್ದರಲ್ವಾ? ನಾನೂ ಇದ್ದೆ.

ಕೋಲಾರ ಗ್ಯಾಲಪ್:

ಇಲ್ಲ. ಪೂರ್ತಿ ಬಾರಿಸಿದ್ದು 2006ರಲ್ಲಿ, ಅಮೆರಿಕ, ಜಪಾನ್, ಯುರೋಪ್ ಸುತ್ತಿನಲ್ಲಿ. ನಮಗೆ ಬಂದಿದ್ದು ಅರ್ಧ ಆಲ್ಬಂ, ಉಳಿದಿದ್ದು ಹಳೇದು. ಅಂದು ಮೊದಲು ವೇದಿಕೆಗೆ ಬಂದಿದ್ದವರಲ್ಲಿ ದಿಲ್ಲಿಯ ಪರಿಕ್ರಮ ಬ್ಯಾಂಡ್ ಇತ್ತು, ಹ್ಯಾರಿಸ್ ಮಗಳು ಲಾರೆನ್ ಹ್ಯಾರಿಸ್ ಬ್ಯಾಂಡೂ ಇತ್ತು. ಪರಿಕ್ರಮದವರು ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೂ ಹೋಗಿ ಬಾರಿಸಿ ಬಂದರು.

ರಾಜಾಜಿನಗರ ರಿಫ್:

ಇರಬಹುದು. ನನಗೆ ಅಂದು ನೆನಪಿರೋದು ಧೂಳು ಮತ್ತು 40 ರೂಪಾಯಿ ನೀರಿನ ಬಾಟಲ್. ಮತ್ತೆ ಮೇಖ್ರಿ ಸರ್ಕಲ್‌ವರೆಗೂ ನಡೆದಿದ್ದು, ಒಂದು ಆಟೋನೂ ನಿಲ್ಲಿಸಲಿಲ್ಲ.

ಮಂಗಳೂರು ಮಾರಾಯ:

ಅರಮನೆ ಮೈದಾನದಿಂದ ಆಟೋ ಸಿಕ್ಕವರು ಯಾರಾದರೂ ಉಂಟಾ ಇಲ್ಲಿ? ನಾನು 2003ರಲ್ಲಿ ರೋಲಿಂಗ್ ಸ್ಟೋನ್ಸ್ ನೋಡ್ಲಿಕ್ಕೆ ಬಂದವ. ಮಳೆಗೆ ಪೂರ್ತಿ ಒದ್ದೆ, ಚಪ್ಪಲಿ ಒಂದು ಕೆಸರಲ್ಲಿ ಹೋಯ್ತು. ಮೆಜೆಸ್ಟಿಕ್‌ವರೆಗೆ ಒಂದೇ ಚಪ್ಪಲಿಯಲ್ಲಿ ಬಂದು ರಾತ್ರಿ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಕಾಲು ನೋಡಿ ಏನೂ ಕೇಳಲಿಲ್ಲ ಮಾರಾಯ್ರೆ, ಟಿಕೆಟ್ ಮಾತ್ರ ಕೊಟ್ಟ.

ಆಗಲೂ ಇದೇ ಚರ್ಚೆ. ಸ್ಟೋನ್ಸ್ ಮುದುಕರಾದರು, ದುಡ್ಡಿಗೆ ಬಂದರು, ಅಂತ. 2023ರಲ್ಲಿ ಅವರೂ ಹೊಸ ಆಲ್ಬಂ ತಂದರು. ನೀವು ಚರ್ಚೆ ಮುಂದುವರಿಸಿ, ಅವರು ಹಾಡು ಮುಂದುವರಿಸ್ತಾರೆ.

ಮೈಸೂರು ಮೆಟಲ್ ಅಕ್ಕ:

ಟೀ ಶರ್ಟ್ ಮಾತು ಬಂತಲ್ಲ, ಅಲ್ಲಿಗೆ ಬರುತ್ತೇನೆ. 2009ರ ಫೆಬ್ರವರಿ 15, ಅದೇ ಮೈದಾನ, ಬ್ಯಾಂಡ್ ಎರಡನೇ ಸಲ ಬೆಂಗಳೂರಿಗೆ ಬಂದಾಗ ನಾನು ಮತ್ತು ನನ್ನ ಗೆಳತಿ ಮೈಸೂರಿಂದ ಬೆಳಗಿನ ರೈಲಲ್ಲಿ ಹೋಗಿದ್ದೆವು. ಇಬ್ಬರೂ ಎಡ್ಡಿ ಟೀ ಶರ್ಟ್, ಬ್ಯಾಂಡ್‌ನ ಎಲ್ಲ ಆಲ್ಬಂ ಮೇಲೂ ಬರೋ ಆ ಭೂತದ ಚಿತ್ರದ್ದು. ಸಾಲಲ್ಲಿ ಹಿಂದೆ ನಿಂತಿದ್ದ ಹುಡುಗರು ಕೇಳಿದ್ದೇನು ಗೊತ್ತಾ? "ಐದು ಹಾಡು ಹೇಳಿ ನೋಡೋಣ." ನನ್ನ ಗೆಳತಿ ತಿರುಗಿ, ಪಾಲ್ ಡಿಯಾನೋ ಕಾಲದ್ದು ಐದು ಬೇಕಾ, ಬ್ರೂಸ್ ಕಾಲದ್ದು ಐದು ಬೇಕಾ, ಬ್ಲೇಜ್ ಕಾಲದ್ದು ಐದು ಬೇಕಾ ಅಂತ ಕೇಳಿದಳು. ಮೂವರೂ ಬೇರೆ ಬೇರೆ ಕಾಲದ ಹಾಡುಗಾರರು. ಆಮೇಲೆ ಅವರು ಮೊಬೈಲ್ ನೋಡುತ್ತಾ ನಿಂತರು.

ಆದರೆ ನನಗೆ ಇವತ್ತಿಗೂ ಅನ್ನಿಸೋದು, ಅವಳಿಗೆ ಒಂದು ಹಾಡೂ ಬರದೇ ಇದ್ದಿದ್ದರೆ ಏನಾಗುತ್ತಿತ್ತು? ಬಟ್ಟೆ ಹಾಕೋಕೆ ಪರೀಕ್ಷೆ ಬರೆಯಬೇಕಾ? ಡೆರೆಕ್ ರಿಗ್ಸ್ ಬರೆದ ಎಡ್ಡಿ ಚಿತ್ರ ನೋಡಿಯೇ ಕ್ಯಾಸೆಟ್ ಕೊಂಡವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಮೊದಲು ಚಿತ್ರ, ಆಮೇಲೆ ಹಾಡು. ಇವತ್ತಿನ ಹುಡುಗರಿಗೆ ಮೊದಲು ಟೀ ಶರ್ಟ್. ಬಾಗಿಲು ಬೇರೆ, ಮನೆ ಅದೇ.

ರಾಜಾಜಿನಗರ ರಿಫ್:

ಬೀದೀಲಿ 250 ರೂಪಾಯಿಗೆ ಮಾರೋ ಟೀ ಶರ್ಟ್ ಹಾಕಿಕೊಂಡವನನ್ನೂ ಅಭಿಮಾನಿ ಅನ್ನಬೇಕಾ ಮೇಡಂ? ಮೊನ್ನೆ ಒಬ್ಬನನ್ನು ಕೇಳಿದೆ, ಎಡ್ಡಿ ಯಾವುದೋ ಹಾರರ್ ಸಿನಿಮಾ ಪಾತ್ರ ಅಂದ.

ಮೈಸೂರು ಮೆಟಲ್ ಅಕ್ಕ:

ನೀವು ಅವನಿಗೆ ಒಂದು ಹಾಡು ಕೇಳಿಸಿದಿರಾ, ಇಲ್ಲಿ ಬಂದು ದೂರು ಹೇಳಿದಿರಾ?

ರಾಜಾಜಿನಗರ ರಿಫ್:

ದೂರು ಹೇಳಿದೆ.

ಈಸ್ಟ್ ಹ್ಯಾಮ್ ಕನ್ನಡಿಗ:

ಲಂಡನ್‌ನಿಂದ ನನ್ನದೂ ಒಂದಿಷ್ಟು. ನಾನಿರೋದು ಈಸ್ಟ್ ಹ್ಯಾಮ್‌ನಲ್ಲಿ. ಹೈ ಸ್ಟ್ರೀಟ್ ನಾರ್ತ್ ಅಂದ್ರೆ ದೋಸೆ, ಇಡ್ಲಿ, ಕರಿಬೇವು, ಚಿನ್ನದ ಅಂಗಡಿ. ನನ್ನ ಹೆಂಡತಿ ಸಾಂಬಾರ್ ಪುಡಿ ತರೋದು ಅದೇ ಬೀದಿಯಲ್ಲಿ. ಅದೇ ಬೀದಿಯಲ್ಲಿ ರಸ್ಕಿನ್ ಆರ್ಮ್ಸ್ ಅಂತ ಒಂದು ಪಬ್ ಇತ್ತು. 70ರ ದಶಕದ ಕೊನೆಯಲ್ಲಿ ಮೇಡನ್ ಅಲ್ಲಿ ಬಾರಿಸುತ್ತಿತ್ತು. ನಾಲ್ಕು ವರ್ಷ ಆ ಬೀದಿಯಲ್ಲಿ ತರಕಾರಿ ಚೀಲ ಹಿಡಿದು ಓಡಾಡಿದ ಮೇಲೆ ನನಗೆ ಇದು ಗೊತ್ತಾಯಿತು.

ಸ್ಟ್ರಾಟ್‌ಫರ್ಡ್ ಕಡೆ ಹೋದರೆ ಕಾರ್ಟ್ ಅಂಡ್ ಹಾರ್ಸಸ್ ಪಬ್. ಬ್ಯಾಂಡ್ ಹುಟ್ಟಿದ ಜಾಗ ಅಂತ ಹೇಳಿಕೊಳ್ಳುತ್ತಾರೆ, ಗೋಡೆ ತುಂಬಾ ಎಡ್ಡಿ. ಒಂದು ಸಂಜೆ ಹೋಗಿದ್ದೆ. ಪಕ್ಕದ ಮೇಜಲ್ಲಿ ಬ್ರೆಜಿಲ್‌ನಿಂದ ಬಂದ ಅಪ್ಪ ಮಗ. ಮಗನಿಗೆ 15 ಇರಬಹುದು. ಅಪ್ಪನಿಗೆ ಇಂಗ್ಲಿಷ್ ಬರಲ್ಲ, ನನಗೆ ಪೋರ್ಚುಗೀಸ್ ಬರಲ್ಲ. ನಾನು ಬೆಂಗಳೂರು ಅಂದೆ. ಆತ ತನ್ನ ಜಾಕೆಟ್ ಬಿಚ್ಚಿ ಬೆನ್ನು ಕಡೆ ಹೊಲಿದಿದ್ದ 2001ರ ರಿಯೋ ಶೋ ಪ್ಯಾಚ್ ತೋರಿಸಿದ. ನಾನು ಮೊಬೈಲ್‌ನಲ್ಲಿ 2007ರ ಟಿಕೆಟ್ ಫೋಟೋ ತೋರಿಸಿದೆ. ಅಷ್ಟೇ ಮಾತುಕತೆ. ಆತ ನನಗೊಂದು ಬಿಯರ್ ಕೊಡಿಸಿದ.

2025ರ ಜೂನ್ 28ಕ್ಕೆ ಲಂಡನ್ ಸ್ಟೇಡಿಯಂ ಶೋ ಆಯಿತು. ಅದು ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ಮೈದಾನ, ಹ್ಯಾರಿಸ್ ಚಿಕ್ಕಂದಿನಿಂದ ಆ ತಂಡದ ಹುಚ್ಚು ಅಭಿಮಾನಿ. ಪಬ್‌ನಿಂದ ನಡೆದೇ ಹೋಗಬಹುದು. 50 ವರ್ಷದಲ್ಲಿ ಆ ಮನುಷ್ಯ ನಡೆದ ದೂರ ಅಷ್ಟೇ ನೋಡಿ, ಒಂದು ಮೈಲಿ ಚಿಲ್ಲರೆ. ನಾನೂ ಹೋಗಿದ್ದೆ. ಬಾಸ್ ಅವರೇ, ನಿಮ್ಮ ಮಾತು ಅಲ್ಲಿ ನೆನಪಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊಸ ಹಾಡು ಯಾಕಿಲ್ಲ ಅಂತ ಆ ರಾತ್ರಿ ನನಗೆ ಅನ್ನಿಸಲೇ ಇಲ್ಲ.

ಒಂದೇ ಬೇಜಾರು. ಮೊದಲು ಪ್ರತಿ ಹಾಡಿಗೂ ಹಿಂದೆ ಬಣ್ಣ ಬಳಿದ ಬಟ್ಟೆ ಪರದೆ ಬೀಳುತ್ತಿತ್ತು, ನಮ್ಮ ಕಂಪನಿ ನಾಟಕದ ಸೀನರಿ ಥರ. ಈಗ ದೊಡ್ಡ ಎಲ್‌ಇಡಿ ಪರದೆ. ಚೆನ್ನಾಗಿದೆ, ಆದರೆ ಆ ಬಟ್ಟೆ ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತಲ್ಲ, ಅದು ಇಲ್ಲ.

ದಾವಣಗೆರೆ ಹಾಸ್ಟೆಲ್ 94:

ಗುಬ್ಬಿ ಕಂಪನಿ ಸೀನರಿ ಮತ್ತು ಎಡ್ಡಿ. ಇದನ್ನು ಹೇಳೋಕೆ ಕನ್ನಡದವನೇ ಬೇಕಿತ್ತು.

ಎಡ್ಡಿ ಮಾವ:

ಫೋನ್ ಕೆಳಗಿಡಿ ಅಂತ ಅವರ ಮ್ಯಾನೇಜರ್ ಟೂರ್‌ಗೆ ಮುಂಚೆ ಕೇಳಿಕೊಂಡಿದ್ದರಲ್ಲ, ಜನ ಕೇಳಿದರಾ?

ಈಸ್ಟ್ ಹ್ಯಾಮ್ ಕನ್ನಡಿಗ:

ಅರ್ಧ ಜನ ಕೇಳಿದರು. ನಾನು ಉಳಿದ ಅರ್ಧದಲ್ಲಿದ್ದೆ. ಒಂದೇ ಹಾಡಿಗೆ, ಪ್ರಮಾಣ.

ಬ್ಲೇಜ್ ಪಕ್ಷ:

ಈ ಟೂರ್‌ನ ಹಾಡಿನ ಪಟ್ಟಿ 1992ಕ್ಕೇ ನಿಲ್ಲಿಸಿದ್ದರಿಂದ ಹೆಚ್ಚು ಪೆಟ್ಟು ಬಿದ್ದಿದ್ದು ಯಾರಿಗೆ? ಬ್ಲೇಜ್ ಬೇಲಿಗೆ. 1994ರಿಂದ 1999ರವರೆಗೆ ಹಾಡಿದವನು. ಎರಡು ಆಲ್ಬಂ. ಬ್ರೂಸ್ ಬಿಟ್ಟುಹೋದ ಮೇಲೆ, ಗ್ರಂಜ್ ಅನ್ನೋ ಹೊಸ ರಾಕ್‌ನ ಕಾಲದಲ್ಲಿ, ಯಾರಿಗೂ ಬೇಡವಾದ ಹೊತ್ತಲ್ಲಿ ಮನೆ ದೀಪ ಆರದ ಹಾಗೆ ನೋಡಿಕೊಂಡವನು ಅವನು. 50 ವರ್ಷದ ಹಬ್ಬದಲ್ಲಿ ಅವನಿಗೆ ಒಂದು ಹಾಡಿನ ಜಾಗ ಇಲ್ಲವಾ?

ಕೋಲಾರ ಗ್ಯಾಲಪ್:

ದೀಪ ಆರದ ಹಾಗೆ ನೋಡಿಕೊಂಡ ಸರಿ, ಅವನ ಕಾಲದ ಆಲ್ಬಂ ‘ವರ್ಚುವಲ್ ಇಲೆವೆನ್’ನಲ್ಲಿ ಹತ್ತು ನಿಮಿಷ ಒಂದೇ ಸಾಲನ್ನು ಭಜನೆ ಥರ ತಿರುಗಿಸಿ ತಿರುಗಿಸಿ ಹಾಡಿದ್ದನ್ನು ಮರೆಯೋದು ಹೇಗೆ?

ಬ್ಲೇಜ್ ಪಕ್ಷ:

ಅದನ್ನು ಬರೆದವನು ಹ್ಯಾರಿಸ್, ಬ್ಲೇಜ್ ಅಲ್ಲ. ಬೈದರೆ ಯಜಮಾನನಿಗೆ ಬೈಯಿರಿ. ಅವನ ಸ್ವರದ ಎತ್ತರವೇ ಬೇರೆ, ಬ್ರೂಸ್ ಹಾಡುಗಳನ್ನು ಅದೇ ಶ್ರುತಿಯಲ್ಲಿ ಹಾಡಿಸಿದರು. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿ ಸರಿ ಹೊಂದಲಿಲ್ಲ ಅಂದ ಹಾಗೆ. ಅವನ ಕಾಲದ ಹಾಡುಗಳು ಅಷ್ಟು ಕೆಟ್ಟದಾಗಿದ್ದರೆ ಬ್ರೂಸ್ ಬಂದ ಮೇಲೂ 2018ರ ಟೂರ್‌ನಲ್ಲಿ ಎರಡು ಹಾಡು ಯಾಕೆ ಬಾರಿಸಿದರು?

ಕೋಲಾರ ಗ್ಯಾಲಪ್:

ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಆ ಎರಡೂ ಒಳ್ಳೆ ಹಾಡೇ.

ರನ್‌ವೇ ರಂಗಪ್ಪ:

ಯಾರೂ ವಿಮಾನದ ಮಾತೇ ಎತ್ತಲಿಲ್ಲ! 2008ರಲ್ಲಿ ಬೋಯಿಂಗ್ 757 ತಗೊಂಡು, ಹಿಂದಿನ ಸೀಟು ಕಿತ್ತುಹಾಕಿ, 12 ಟನ್ ಸಾಮಾನು ತುಂಬಿ, ಹಾಡುಗಾರನೇ ಪೈಲಟ್ ಆಗಿ ಊರೂರು ಸುತ್ತಿದ ಬ್ಯಾಂಡ್ ಇನ್ನೊಂದು ತೋರಿಸಿ. ಆ ಟೂರ್ ಶುರುವಾಗಿದ್ದೇ ಮುಂಬೈನಿಂದ, ಫೆಬ್ರವರಿ 1ಕ್ಕೆ. ಅದರ ಮೇಲೆ ಸಾಕ್ಷ್ಯಚಿತ್ರವೂ ಬಂತು.

ಇದರಲ್ಲಿ ವ್ಯವಹಾರದ ಜಾಣತನ ಇದೆ. ಸಾಮಾನು ಬೇರೆ, ಜನ ಬೇರೆ ಅಂತ ಕಳಿಸಿದರೆ ಒಂದೊಂದು ದೂರದ ಊರಿಗೂ ಲೆಕ್ಕ ಹೊಂದಲ್ಲ. ಎಲ್ಲ ಒಂದೇ ವಿಮಾನದಲ್ಲಿ ಅಂದ್ರೆ ಭಾರತ, ಆಸ್ಟ್ರೇಲಿಯಾ, ಕೊಲಂಬಿಯಾ, ಕೋಸ್ಟರಿಕಾ ಒಂದೇ ಸುತ್ತಿನಲ್ಲಿ ಮುಗಿಯುತ್ತೆ. 1984ರಲ್ಲೂ ಇವರು ಪೋಲೆಂಡ್, ಹಂಗೇರಿಗೆ ಪೂರ್ತಿ ವೇದಿಕೆ ಹೊತ್ತುಕೊಂಡು ಹೋಗಿದ್ದರು, ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ. ದೊಡ್ಡ ಬ್ಯಾಂಡ್‌ಗಳು ಬಾರದ ಊರಿಗೆ ಹೋಗೋದೇ ಇವರ ಪ್ರಭಾವ ಅಂತ ನನ್ನ ವಾದ. ರೇಡಿಯೋ ಇವರ ಹಾಡನ್ನು ಅಷ್ಟಾಗಿ ಹಾಕಿದ್ದೇ ಇಲ್ಲ. ಬ್ರಿಟನ್‌ನಲ್ಲೇ ಸಿಂಗಲ್ ನಂಬರ್ 1 ಆಗಿದ್ದು ಒಂದೇ ಸಲ, 1991ರಲ್ಲಿ.

ಪೆನ್‌ಡ್ರೈವ್ ಪ್ರಜೆ:

ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಕೂಡ 2021, 2023 ಎರಡು ಸಲ ಪಟ್ಟಿಗೆ ಹಾಕಿ ಕೈ ಬಿಟ್ಟರು. ಸುಮ್ನೆ ಹೇಳಿದೆ.

ರನ್‌ವೇ ರಂಗಪ್ಪ:

ಅದೇ 2023ರ ಜನವರಿಯಲ್ಲಿ ಬ್ರಿಟನ್‌ನ ಅಂಚೆ ಇಲಾಖೆ ಇವರ ಮೇಲೆ 12 ಸ್ಟಾಂಪ್ ತಂದಿತು. ಅದಕ್ಕೆ ಮುಂಚೆ ಹಾಗೆ ಪೂರ್ತಿ ಸೆಟ್ ಸಿಕ್ಕಿದ್ದು ಬೀಟಲ್ಸ್, ಪಿಂಕ್ ಫ್ಲಾಯ್ಡ್, ಕ್ವೀನ್, ರೋಲಿಂಗ್ ಸ್ಟೋನ್ಸ್‌ಗೆ ಮಾತ್ರ. ನಾನೂ ಸುಮ್ನೆ ಹೇಳಿದೆ.

ಇನ್ನೊಂದು. ‘ಸೆಂಜುತ್ಸು’ ಬ್ರಿಟನ್‌ನಲ್ಲಿ ನಂಬರ್ 2ಕ್ಕೆ ಹೋಯಿತು, ಮುಂದೆ ಇದ್ದವನು ಡ್ರೇಕ್ ಒಬ್ಬನೇ. ನೀವು ಬೇಜಾರಾಗುತ್ತೆ ಅಂದ 82 ನಿಮಿಷದ ಆಲ್ಬಂ ಅದು.

ಪೆನ್‌ಡ್ರೈವ್ ಪ್ರಜೆ:

ಕೊಂಡವರೆಲ್ಲ ನಿಮ್ಮ ವಯಸ್ಸಿನವರೇ ಅಂಕಲ್ 😄

ರನ್‌ವೇ ರಂಗಪ್ಪ:

ಅಂಕಲ್ ಅಂದ ಮೇಲೆ ವಾದ ಮುಗಿಯಿತು ಅಂತ ಅರ್ಥ, ಗೆದ್ದವನು ನಾನು.

ಗುಂಪಿನ ಕಾವಲುಗಾರ:

ಸ್ವಲ್ಪ ವಿಷಯಕ್ಕೆ ಬನ್ನಿ. ಆಟೋ, ಚಪ್ಪಲಿ, ನೀರಿನ ಬಾಟಲ್‌ಗೆ ಬೇರೆ ದಾರಿ ತೆರೆಯಿರಿ. ಚಪ್ಪಲಿ ಕಥೆ ಮಾತ್ರ ಅಳಿಸಲ್ಲ.

ಒಂಟಿ ಪೆಡಲ್:

ಮೇಡನ್ ಡ್ರಮ್ಮರ್ ಆಗಿದ್ದ ನಿಕೋ ಮೆಕ್‌ಬ್ರೇನ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬಂದೆ. ನಾನು ಡ್ರಮ್ಸ್ ಬಾರಿಸುವವನು. 1982ರ ಕೊನೆಯಿಂದ 2024ರವರೆಗೆ, 42 ವರ್ಷ. ಈ ವೇಗದ ಮೆಟಲ್‌ನಲ್ಲಿ ಎಲ್ಲರೂ ಎರಡೂ ಕಾಲಲ್ಲಿ ದೊಡ್ಡ ಡ್ರಮ್ ಹೊಡೆಯೋ ಜೋಡಿ ಪೆಡಲ್ ಇಟ್ಟುಕೊಂಡಾಗ ಈತ ಒಂದೇ ಕಾಲಲ್ಲಿ ಮುಗಿಸಿದ. 2003ರ ಆಲ್ಬಂನ ಒಂದು ಹಾಡಿಗೆ ಮಾತ್ರ ಜೋಡಿ ಪೆಡಲ್ ಬಳಸಿದ್ದ.

2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದು ದೇಹದ ಬಲಭಾಗ ಕೈ ಕೊಟ್ಟಿತು. ಡ್ರಮ್ಮರ್‌ಗೆ ಬಲಗಾಲು, ಬಲಗೈ ಅಂದ್ರೆ ಏನು ಅಂತ ಬಾರಿಸುವವರಿಗೆ ಗೊತ್ತು. ಅದೇ ಮೇ ತಿಂಗಳಲ್ಲಿ ಟೂರ್‌ಗೆ ಬಂದು ಕೂತ. ಕೆಲವು ಹಳೇ ವೇಗದ ಹಾಡು ಇನ್ನು ತನ್ನ ಕೈಲಾಗಲ್ಲ ಅಂತ ಅವನೇ ಒಪ್ಪಿಕೊಂಡ. 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ಕೊನೆಯ ಶೋ.

ಈಗ ಬಾಸ್ ಅವರ ಪ್ರಶ್ನೆಗೆ. ಈ ಸಲ ಹಳೇ ಹಾಡೇ ಯಾಕೆ ಅಂದ್ರೆ ನನಗೆ ಅನ್ನಿಸೋದು ಇದು. ಸೈಮನ್ ಡಾಸನ್ ಹೊಸದಾಗಿ ಬಂದಿದ್ದಾನೆ, ಹ್ಯಾರಿಸ್‌ನ ಇನ್ನೊಂದು ಬ್ಯಾಂಡ್‌ನವನು. 1981ರ ಆಲ್ಬಂನ ಹಾಡುಗಳಿಂದ ಈಗ ಶೋ ಶುರು ಮಾಡುತ್ತಾರೆ. ಅವು ನಿಕೋಗಿಂತ ಮುಂಚಿನ ಹಾಡು, ಕ್ಲೈವ್ ಬರ್ ಬಾರಿಸಿದ್ದು. ನಿಕೋ ಇದ್ದಿದ್ದರೆ ಈ ಪಟ್ಟಿ ಬಾರಿಸೋಕೆ ಆಗುತ್ತಿತ್ತಾ ಅನ್ನೋದೇ ಅನುಮಾನ. ನೀವು ಹಳೇದು ಅಂದುಕೊಂಡಿದ್ದು ಈ ಬ್ಯಾಂಡ್‌ಗೆ ಈಗ ಹೊಸದು.

ಹನುಮಂತನಗರ ಬಾಸ್:

ಈ ದಿಕ್ಕಿನಿಂದ ನಾನು ನೋಡಿರಲಿಲ್ಲ. ಪೂರ್ತಿ ಒಪ್ಪಲ್ಲ, ಎಂಟು ಆಲ್ಬಂನಿಂದ ಒಂದು ಹಾಡು ಇಟ್ಟಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ರಾತ್ರಿ ಆ ವಿಡಿಯೋ ಮತ್ತೆ ಹಾಕಿ ಈ ಸಲ ಡ್ರಮ್ಸ್ ಮಾತ್ರ ಕೇಳುತ್ತೇನೆ.

ಒಂದು ಕೊರಗು ಹೇಳಿಕೊಳ್ಳಲಾ? 2009ರ ಶೋಗೆ ನಾನು ಹೋಗಲಿಲ್ಲ. ಆಗ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಭಾನುವಾರ ಯಾವುದೋ ಸಾಫ್ಟ್‌ವೇರ್ ರಿಲೀಸ್ ಅಂತ ಕೂರಿಸಿಕೊಂಡರು. ಟಿಕೆಟ್ ಜೇಬಲ್ಲೇ ಇತ್ತು. ಮುಂದಿನ ಸಲ ಬಂದಾಗ ನೋಡಿದರಾಯಿತು ಅಂದುಕೊಂಡೆ. ಆ ರಿಲೀಸ್ ಕೂಡ ಮುಂದಿನ ವಾರಕ್ಕೆ ಹೋಯಿತು.

ರಾಜಾಜಿನಗರ ರಿಫ್:

ಅಯ್ಯೋ.

ಮಂಗಳೂರು ಮಾರಾಯ:

ನನ್ನ ಚಪ್ಪಲಿಗಿಂತ ದೊಡ್ಡ ನಷ್ಟ ಇದು.

ಗಿಟಾರ್ ಗಿರಣಿ:

ವಿಷಯ ತಪ್ಪಿಸುತ್ತಿದ್ದೇನೆ, ಕ್ಷಮಿಸಿ. ಮೃದಂಗದ ಮನೆ ಸರ್ ಹೇಳಿದ ಹಾಗೆ 2+1+1 ಎಣಿಸಿಕೊಂಡು ಬಾರಿಸಿದೆ, ಕುದುರೆ ಎದ್ದಿತು. ಆದರೆ ಬಾಸ್‌ನಲ್ಲಿ ಆ ಕಟಕಟ ಸದ್ದು ಬರುತ್ತಿಲ್ಲ. ಹ್ಯಾರಿಸ್ ಎರಡು ಬೆರಳಲ್ಲಿ ಬಾರಿಸೋದಾ, ಮೂರರಲ್ಲಾ?

ಹನುಮಂತನಗರ ಬಾಸ್:

ಎರಡು. ತೋರುಬೆರಳು, ಮಧ್ಯದ ಬೆರಳು. ಮೂರು ಅಂತ ಹೇಳೋರು ವಿಡಿಯೋ ನಿಧಾನ ಮಾಡಿ ನೋಡಲಿ. ಆ ಸದ್ದು ಬೆರಳಿಂದ ಮಾತ್ರ ಅಲ್ಲ. ಆತ ಹಾಕೋದು ಫ್ಲ್ಯಾಟ್‌ವೂಂಡ್ ತಂತಿ, ಹೊರಮೈ ನುಣ್ಣಗೆ ಇರುತ್ತೆ, ಅದನ್ನು ಫ್ರೆಟ್‌ಗೆ, ಅಂದ್ರೆ ಗಿಟಾರ್ ಕತ್ತಿನ ಲೋಹದ ಪಟ್ಟಿಗೆ, ಬಡಿಯೋ ಹಾಗೆ ಬಾರಿಸುತ್ತಾನೆ. ತಂತಿ ಮಾಡೋ ರೋಟೋಸೌಂಡ್‌ನವರು ಅವನ ಹೆಸರಲ್ಲೇ ಸೆಟ್ ಮಾಡುತ್ತಾರೆ.

ಗಿಟಾರ್ ಗಿರಣಿ:

ಬೆಂಗಳೂರಲ್ಲಿ ಸಿಗುತ್ತಾ? ರೇಟ್ ಎಷ್ಟು?

ಹನುಮಂತನಗರ ಬಾಸ್:

ನನ್ನ ಹತ್ತಿರ ಹಳೇ ಸೆಟ್ ಒಂದಿದೆ, ಎರಡು ವರ್ಷ ಬಾರಿಸಿದ್ದು. ಫ್ಲ್ಯಾಟ್‌ವೂಂಡ್ ಬೇಗ ಸಾಯಲ್ಲ. ಭಾನುವಾರ ಮನೆಗೆ ಬನ್ನಿ, ಕೊಡುತ್ತೇನೆ. ಹನುಮಂತನಗರ ಬಸ್ ಸ್ಟಾಪ್‌ನಲ್ಲಿ ಇಳಿದು ಮೆಸೇಜ್ ಮಾಡಿ. ಮಗಳು ಇರುತ್ತಾಳೆ, ಏನಾದರೂ ಅಂದರೆ ಬೇಜಾರು ಮಾಡ್ಕೋಬೇಡಿ.